ಪುಡಿ ಉದುರಿಸಿದರಷ್ಟೇ ರತ್ನಗಂಬಳಿ ಶುಚಿಯಾಗದು

ಮಾನ್ಯರೇ,

‘ಕಾರ್ಪೆಟ್ ಮೇಲೆ ಅಡುಗೆ ಸೋಡ ಚೆಲ್ಲಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಗುಡಿಸಿ, ಹೊಸದರಂತೆ ಹೊಳೆಯುತ್ತದೆ’ ಎಂಬ ಸಲಹೆ ಹಬ್ಬ ಹತ್ತಿರವಾದಂತೆ ಪತ್ರಿಕೆಗಳ ಮನೆವಾರ್ತೆ ಪುಟಗಳಲ್ಲೂ ಮೊಬೈಲುಗಳಲ್ಲೂ ಸುತ್ತತೊಡಗುತ್ತದೆ. ಅದರ ಬೆನ್ನಿಗೇ ಪುಡಿ ಉದುರಿಸುವ ಕೈಯಂತ್ರಗಳ ಜಾಹೀರಾತು. ಯಂತ್ರ ಕೆಟ್ಟದ್ದೇನಲ್ಲ. ರತ್ನಗಂಬಳಿ ಒಗೆದು ಹರವಲು ಜಾಗವಿಲ್ಲದ ಫ್ಲ್ಯಾಟುಗಳಿಗೆ, ಮಳೆಗಾಲದಲ್ಲಿ ಮೂರು ದಿನವಾದರೂ ಏನೂ ಒಣಗದ ಕರಾವಳಿ, ಮಲೆನಾಡಿನ ಮನೆಗಳಿಗೆ ಒಣಪುಡಿಯ ವಿಧಾನವೇ ಸರಿ. ಆದರೆ ಜಾಹೀರಾತಿನಲ್ಲಿ ಹೊಗಳಿಕೆಯೆಲ್ಲ ಪುಡಿಗೆ. ಕೊಳೆ ಕೀಳುವುದು ಬ್ರಷ್ಷು, ಹೊತ್ತೊಯ್ಯುವುದು ವ್ಯಾಕ್ಯೂಮ್. ಪುಡಿ ನಡುವಿನ ದಲ್ಲಾಳಿ ಅಷ್ಟೆ. ಇದು ತಿಳಿಯದೆ ಪುಡಿಯನ್ನು ಇಮ್ಮಡಿ ಸುರಿದವರ ರತ್ನಗಂಬಳಿಗಳೇ ಬುಡದಲ್ಲಿ ಬಿಳಿ ಗಸಿ ಕಟ್ಟಿಕೊಂಡು ದುರಸ್ತಿಗೆ ಬರುತ್ತವೆ.

ಯಂತ್ರದ ರಚನೆ ರೈತರಿಗೆ ಒಂದೇ ಮಾತಿನಲ್ಲಿ ತಿಳಿದೀತು: ಅದು ಬಿತ್ತನೆ ಕೂರಿಗೆಯ ಪುಟ್ಟ ತಮ್ಮ. ಉದ್ದ ಹಿಡಿಕೆಯ ಬುಡದಲ್ಲಿ ಸುಮಾರು ಒಂದಡಿ ಅಗಲದ, ಅರ್ಧ ಕಿಲೋ ಪುಡಿ ಹಿಡಿಯುವ ಡಬ್ಬಿ. ಅದರ ತಳದಲ್ಲಿ ಉದ್ದಕ್ಕೂ ಗೀರುಗಳಿರುವ ಉರುಳೆ. ಚಕ್ರ ಉರುಳಿದಂತೆ ಉರುಳೆ ತಿರುಗಿ ಗೀರಿಗೆ ಹಿಡಿದಷ್ಟು ಪುಡಿ ಕೆಳಗೆ ಬೀಳುತ್ತದೆ. ಪ್ರಮಾಣ ಹೆಚ್ಚುಕಡಿಮೆ ಮಾಡಲು ಒಂದು ಜಾರು ಪಟ್ಟಿ. ಹಿಂದೆ ಬ್ರಷ್. ನೂಕುವ ಚಕ್ರದಿಂದಲೇ ಬ್ರಷ್ ತಿರುಗಿಸುವ ಉಪಾಯ ಹಳೆಯದು. ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಪಿಂಗಾಣಿ ಅಂಗಡಿ ಇಟ್ಟಿದ್ದ ಮೆಲ್ವಿಲ್ ಬಿಸೆಲ್ 1876ರಲ್ಲಿ ಇಂಥ ಗುಡಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಜರ್ಮನಿಯ ಸೆಬೊ ಡ್ಯುಯೊದಂಥ ವಿದ್ಯುತ್ ಯಂತ್ರಗಳಲ್ಲಿ ಎರಡು ಬ್ರಷ್‌ಗಳು ಎದುರುಬದುರಾಗಿ ತಿರುಗುತ್ತವೆ. ಎಳೆಯ ಎರಡೂ ಮಗ್ಗುಲಿಗೆ ಉಜ್ಜು ಸಿಗುವುದು ಇದರಿಂದ. ಒಂದೇ ಬ್ರಷ್ಷಿನ ಕೈಯಂತ್ರದಲ್ಲಿ ಆ ಲಾಭ ಬೇಕಾದರೆ ನಾವೇ ದಿಕ್ಕು ಬದಲಿಸಿ ಮೂರು ಸಲ ತಳ್ಳಬೇಕು.

ಯಂತ್ರ ಕೊಳ್ಳಲೇಬೇಕೆಂದಿಲ್ಲ. ಒಂದು ಲೀಟರಿನ ತಗಡಿನ ಡಬ್ಬಿಯ ಮುಚ್ಚಳಕ್ಕೆ ಸೆಂಟಿಮೀಟರಿಗೊಂದರಂತೆ 3 ಮಿಲಿಮೀಟರ್ ತೂತು ಕೊರೆದು, ಚೂಪು ಅಂಚನ್ನು ಅರದಿಂದ ಉಜ್ಜಿದರೆ ಉದುರಿಸುವ ಸಾಧನ ಸಿದ್ಧ. ಉಜ್ಜಲು ಇಂಚುದ್ದದ ಮೆತ್ತನೆ ನೈಲಾನ್ ಎಳೆಗಳ, ಉದ್ದ ಹಿಡಿಕೆಯ ಬ್ರಷ್. ತೆಂಗಿನ ನಾರಿನ ಬ್ರಷ್ ಬೇಡ. ಅದು ಉಣ್ಣೆಯ ಎಳೆ ಕೀಳುತ್ತದೆ. ಎರಡು ಸಲದಲ್ಲೇ ರತ್ನಗಂಬಳಿ ನಾಯಿಯ ಬೆನ್ನಿನಂತೆ ಕೆದರಿ ನಿಲ್ಲುತ್ತದೆ.

ಇನ್ನು ಪುಡಿ. ‘ಒಣಪುಡಿ’ ಎಂಬ ಹೆಸರೇ ಸ್ವಲ್ಪ ಮೋಸ. ಕೆಲಸ ಮಾಡುವ ಪುಡಿ ಪೂರ್ತಿ ಒಣಗಿರುವುದಿಲ್ಲ. ಮರದ ನಾರಿನ ಸೆಲ್ಯುಲೋಸ್ ಅಥವಾ ಸ್ಪಂಜಿನಂಥ ಪ್ಲಾಸ್ಟಿಕ್ ಕಣಗಳಿಗೆ ನೀರು, ಸ್ವಲ್ಪ ಮದ್ಯಸಾರದ ದ್ರಾವಕ, ಚೂರು ಮಾರ್ಜಕ ಕುಡಿಸಿರುತ್ತಾರೆ. ಬ್ರಷ್ ಉಜ್ಜಿದಾಗ ಆ ತೇವ ಎಳೆಗೆ ತಾಗಿ ಜಿಡ್ಡನ್ನು ಸಡಿಲಿಸುತ್ತದೆ, ಕಣ ಅದನ್ನು ಮರಳಿ ಹೀರಿಕೊಳ್ಳುತ್ತದೆ, ತೇವ ಆರಿದ ಮೇಲೆ ಕೊಳೆ ಹೊತ್ತ ಕಣವನ್ನು ವ್ಯಾಕ್ಯೂಮ್ ಎಳೆಯುತ್ತದೆ. ಒಂದು ಚಿಟಿಕೆ ಹಿಂಡಿ ನೋಡಿ: ಬೆರಳಿಗೆ ತಂಪು ಹತ್ತಬೇಕು, ನೀರು ಹತ್ತಬಾರದು. ಮುಚ್ಚಳ ತೆರೆದಿಟ್ಟ ಡಬ್ಬಿಯ ಪುಡಿ ತಿಂಗಳಲ್ಲಿ ಬರೀ ಹೊಟ್ಟಾಗುತ್ತದೆ. ಅದಕ್ಕೆ ನೀರು ಚಿಮುಕಿಸಿದರೆ ದ್ರಾವಕ ಮರಳಿ ಬರುವುದಿಲ್ಲ.

ಅಡುಗೆ ಸೋಡ ಈ ಜಾತಿಗೆ ಸೇರಿದ್ದಲ್ಲ. ಅದು ಹರಳು, ಜಿಡ್ಡು ಹೀರುವ ಶಕ್ತಿ ಬಹಳ ಕಡಿಮೆ. ಚೆಲ್ಲಿದ ಹಾಲು, ಬೆವರು, ಹುಳಿ ಪದಾರ್ಥದ ಆಮ್ಲೀಯ ವಾಸನೆಯನ್ನು ಅದು ಖಂಡಿತ ತಗ್ಗಿಸುತ್ತದೆ. ವಾಸನೆಗಷ್ಟೇ ಬೇಕಿದ್ದರೆ ಚದರಡಿಗೆ ಅರ್ಧ ಟೀ ಚಮಚ ಸಾಕು, ಒಂದು ಗಂಟೆಯೊಳಗೆ ವ್ಯಾಕ್ಯೂಮಿನಿಂದ ಎಳೆದುಬಿಡಿ. ರಾತ್ರಿಯಿಡೀ ಬಿಟ್ಟರೆ ಗಾಳಿಯ ತೇವಕ್ಕೆ ಗಂಟು ಕಟ್ಟಿ ಎಳೆಗಳ ಬುಡಕ್ಕೆ ಇಳಿಯುತ್ತದೆ. ಅದರ ಮೇಲೆ ವಿನೆಗರ್ ಸಿಂಪಡಿಸಿ ನೊರೆ ಎಬ್ಬಿಸುವ ಪ್ರದರ್ಶನವಂತೂ ಕ್ಷಾರವೂ ಆಮ್ಲವೂ ಒಂದನ್ನೊಂದು ಕೊಂದುಕೊಳ್ಳುವ ಆಟ, ಉಳಿಯುವುದು ಉಪ್ಪುನೀರು. ಅಡುಗೆ ಸೋಡದ ಬದಲು ಕೈತಪ್ಪಿ ವಾಷಿಂಗ್ ಸೋಡ ಹಾಕಿದವರೂ ಇದ್ದಾರೆ. ಅದು ತೀಕ್ಷ್ಣ ಕ್ಷಾರ, ಉಣ್ಣೆ ಒರಟಾಗಿ ಹಳದಿಗಟ್ಟುತ್ತದೆ. ಮೈದಾ, ಜೋಳದ ಹಿಟ್ಟು ಹಾಕಿದರೆ ಇರುವೆ, ಬೆಳ್ಳಿಹುಳಗಳಿಗೆ ಅನ್ನಸಂತರ್ಪಣೆ. ಟಾಲ್ಕಂ ಪೌಡರು ಶ್ವಾಸಕೋಶಕ್ಕೂ ಫಿಲ್ಟರಿಗೂ ಹಾಳು. ಬೊರಾಕ್ಸ್, ಅಂದರೆ ಬಿಳಿಗಾರ, ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಕ್ರಮಕ್ಕೆ ಬರೋಣ. ರತ್ನಗಂಬಳಿಯಲ್ಲಿ ಸೇರುವ ಕೊಳೆಯಲ್ಲಿ ಬಹುಪಾಲು ಒಣ ಮರಳು, ಧೂಳು, ಕೂದಲು. ಅದನ್ನು ಮೊದಲೇ ತೆಗೆಯದೆ ಪುಡಿ ಹಾಕಿದರೆ ಧೂಳೂ ಪುಡಿಯೂ ಸೇರಿ ಕೆಸರಾಗುತ್ತದೆ. ಹಾಗಾಗಿ ಮೊದಲು ಮಗುಚಿ ಹಾಕಿ ಬೆನ್ನಿನಿಂದ ವ್ಯಾಕ್ಯೂಮ್ ಮಾಡಿ, ಅಥವಾ ಅಂಗೈಯಿಂದ ತಟ್ಟಿ. ಬುಡದ ಮರಳು ನೆಲಕ್ಕೆ ಉದುರುವುದನ್ನು ಕಂಡರೆ ಎಷ್ಟು ದಿನದ ಬಾಕಿ ಎಂದು ತಿಳಿಯುತ್ತದೆ. ನೆಲ ಗುಡಿಸಿ, ಮತ್ತೆ ಮಗುಚಿ, ಮೇಲ್ಮೈಯನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯಿರಿ. ನಿಧಾನ ಮುಖ್ಯ: ಒಂದು ಮೀಟರಿಗೆ ನಾಲ್ಕೈದು ಸೆಕೆಂಡು. ಆಮೇಲೆ ಬಣ್ಣದ ಪರೀಕ್ಷೆ. ಮೂಲೆಯ ಕಡುಕೆಂಪು ಅಥವಾ ಕಡುನೀಲಿ ಭಾಗದ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಹತ್ತು ನಿಮಿಷ ಒತ್ತಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೆ ನಿಲ್ಲಿಸಿ.

ಪ್ರಮಾಣ ಚದರಡಿಗೆ 5ರಿಂದ 10 ಗ್ರಾಂ. ಅಂದರೆ ಐದಡಿಗೆ ಏಳಡಿಯ ರತ್ನಗಂಬಳಿಗೆ 175ರಿಂದ 350 ಗ್ರಾಂ. ಪ್ಯಾಕೆಟ್ಟಿನ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ, ಮೀರಬೇಡಿ. ಯಂತ್ರ ನಿಜಕ್ಕೂ ಎಷ್ಟು ಉದುರಿಸುತ್ತದೆ ಎಂದು ತಿಳಿಯಲು ಹಳೆಯ ಪತ್ರಿಕೆಯ ಹಾಳೆಗಳು ಸಾಕು: ಹತ್ತಡಿ ಉದ್ದಕ್ಕೆ ಹಾಸಿ, ಯಂತ್ರವನ್ನು ಒಮ್ಮೆ ತಳ್ಳಿ, ಬಿದ್ದದ್ದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದಡಿ ಅಗಲದ ಯಂತ್ರವಾದರೆ 50ರಿಂದ 100 ಗ್ರಾಂ ಇರಬೇಕು. ಹೆಚ್ಚಿದ್ದರೆ ಜಾರು ಪಟ್ಟಿ ಕಿರಿದು ಮಾಡಿ. ಎಳೆ ದಟ್ಟವಾದ ರತ್ನಗಂಬಳಿಯ ಮೇಲೆ ಚಕ್ರ ಅಲ್ಲಲ್ಲಿ ಜಾರುವುದರಿಂದ ಇದಕ್ಕಿಂತ ತುಸು ಕಡಿಮೆಯೇ ಬೀಳುತ್ತದೆ. ಅದಕ್ಕಾಗಿ ಪಟ್ಟಿ ಅಗಲಿಸುವುದು ಬೇಡ.

ನಾಲ್ಕಡಿಗೆ ನಾಲ್ಕಡಿಯಷ್ಟು ಜಾಗ ಒಂದು ಪಾಲು. ಮೊದಲು ಎಳೆ ಮಲಗಿದ ದಿಕ್ಕಿಗೆ ಎದುರಾಗಿ ಉಜ್ಜಿ, ಆಮೇಲೆ ಅಡ್ಡಕ್ಕೆ, ಕೊನೆಗೆ ಮಲಗಿದ ದಿಕ್ಕಿಗೇ. ದಿಕ್ಕು ತಿಳಿಯಲು ಅಂಗೈ ಸವರಿದರೆ ಸಾಕು, ಬೆಕ್ಕಿನ ಮೈ ಸವರಿದಂತೆ ನಯವಾಗಿ ಜಾರುವ ಕಡೆಯೇ ಅದು. ಪಾಲೊಂದಕ್ಕೆ ಮೂರು ನಾಲ್ಕು ನಿಮಿಷ ಬೇಕು. ಭಾರ ಹಾಕಿ ಒತ್ತಬೇಡಿ. ಬ್ರಷ್ಷಿನ ತುದಿ ಕೆಲಸ ಮಾಡಬೇಕು, ಮಗ್ಗುಲಲ್ಲ. ಜನ ಓಡಾಡುವ ಪಟ್ಟೆ, ಸೋಫಾ ಮುಂದಿನ ಕಾಲಿಡುವ ಜಾಗ ಇವೆರಡಕ್ಕೆ ಪುಡಿ ಹೆಚ್ಚಿಸುವ ಬದಲು ಉಜ್ಜುವ ಹೊತ್ತು ಹೆಚ್ಚಿಸಿ. ಜಾಲರು ಅಂಚಿಗೆ ಯಂತ್ರ ತಾಗಿಸಬೇಡಿ, ದಾರ ಬ್ರಷ್ಷಿಗೆ ಸುತ್ತಿಕೊಂಡರೆ ಗಂಟು ಗಂಟೇ ಕಿತ್ತು ಬರುತ್ತದೆ.

ಫ್ಯಾನ್ ಹಾಕಿ 20–30 ನಿಮಿಷ ಬಿಡಿ. ಮಳೆಗಾಲದಲ್ಲಿ ಒಂದು ಗಂಟೆಯೂ ಆದೀತು. ಪುಡಿ ಕೈಗೆ ಹೊಟ್ಟಿನಂತೆ ಹಗುರಾದ ಮೇಲೆಯೇ ವ್ಯಾಕ್ಯೂಮ್. ತೇವ ಇರುವಾಗಲೇ ಎಳೆದರೆ ಕೊಳವೆಯೊಳಗೆ ಅಂಟುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಸಲ ಎಳೆದು ಮುಗಿಯಿತು ಎನ್ನುತ್ತಾರೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ, ಎರಡು ದಿನ ಓಡಾಡಿದ ಮೇಲೆ ಮತ್ತೊಮ್ಮೆ ಎಳೆಯಬೇಕು, ಏಕೆಂದರೆ ಕಾಲ್ತುಳಿತಕ್ಕೆ ಬುಡದ ಪುಡಿ ಮೇಲೇಳುತ್ತದೆ. ಕಪ್ಪು, ಕಂದು ರತ್ನಗಂಬಳಿಯಲ್ಲಿ ಕಾಣುವ ಬಿಳಿ ಮಬ್ಬಿಗೆ ಹೀಗೆ ಉಳಿದ ಪುಡಿಯೇ ಕಾರಣ.

ಶುರು ಮಾಡುವ ಮುನ್ನ ಹೊಸ ಚೀಲ ಹಾಕಿ, ಚೀಲವಿಲ್ಲದ ಯಂತ್ರವಾದರೆ ಡಬ್ಬಿ ಖಾಲಿ ಮಾಡಿ. ನುಣ್ಣನೆ ಪುಡಿ ಚೀಲದ ರಂಧ್ರ ಮುಚ್ಚಿದರೆ ಚೀಲ ಕಾಲುಭಾಗ ತುಂಬುವ ಮೊದಲೇ ಎಳೆತ ಬಿದ್ದುಹೋಗುತ್ತದೆ, ಮೋಟಾರು ಬಿಸಿಯಾಗುತ್ತದೆ. ಶಬ್ದ ಕೀರಲಾಯಿತೆಂದರೆ ನಿಲ್ಲಿಸಿ ಫಿಲ್ಟರ್ ಕೊಡವಿ. ತೊಳೆಯುವ ಫಿಲ್ಟರನ್ನು ಪೂರ್ತಿ 24 ಗಂಟೆ ಆರಿಸದೆ ಮರಳಿ ಹಾಕಬೇಡಿ. ನೀರಿನ ತೊಟ್ಟಿಯಲ್ಲಿ ಧೂಳು ಹಿಡಿಯುವ ವ್ಯಾಕ್ಯೂಮ್‌ಗಳಿಗೆ ಈ ಪುಡಿ ಆಗದು. ಮಾರ್ಜಕ ನೊರೆಯೆದ್ದು ಮೋಟಾರಿನತ್ತ ಏರುತ್ತದೆ. ಬರೀ ಪೊರಕೆಯಿಂದ ಪುಡಿ ತೆಗೆಯುವುದಂತೂ ಆಗದ ಮಾತು. ಮನೆಯಲ್ಲಿ ವ್ಯಾಕ್ಯೂಮ್ ಇಲ್ಲದಿದ್ದರೆ ಪುಡಿಯ ಯಂತ್ರಕ್ಕೆ ದುಡ್ಡು ಹಾಕಬೇಡಿ.

ಕಲೆಗಳ ವಿಚಾರದಲ್ಲಿ ಒಂದು ಎಚ್ಚರಿಕೆ ನಮ್ಮ ಮನೆಗಳಿಗೇ ವಿಶೇಷ. ಸಾರು, ಅರಿಶಿನ ಬಿದ್ದ ಜಾಗಕ್ಕೆ ಸೋಡ ಹಾಕಿ ನೀರು ಮುಟ್ಟಿಸಿದರೆ ಹಳದಿ ಕಲೆ ಕೆಂಪಗಾಗುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ. ಅರಿಶಿನದ ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುತ್ತದೆ. ಬಣ್ಣ ಹರಡಿ, ನೇಯ್ಗೆಯ ತಳದವರೆಗೂ ಇಳಿದರೆ ಪುಡಿಯಿಂದ ಹೋಗುವುದಿಲ್ಲ. ಅರಿಶಿನ ಬಿದ್ದ ಕೂಡಲೇ ಒಣದಾಗಿಯೇ ಚಮಚದಿಂದ ಕೆರೆದು ವ್ಯಾಕ್ಯೂಮ್ ಮಾಡಿ. ಉಳಿದ ಹಳದಿ ಬೆಳಕಿಗೆ ತಾನಾಗಿ ಮಾಸುತ್ತದೆ, ಆದರೆ ಬಿಸಿಲಿಗೆ ರತ್ನಗಂಬಳಿಯ ಬಣ್ಣವೂ ಮಾಸುವುದರಿಂದ ಕಲೆಯಷ್ಟನ್ನೇ ತೆರೆದು ಉಳಿದದ್ದಕ್ಕೆ ಬಟ್ಟೆ ಹೊದಿಸಿ. ದೀಪದ ಎಣ್ಣೆ ಚೆಲ್ಲಿದ ಕಡೆ ಮಾತ್ರ ಪುಡಿಯ ನಿಜವಾದ ಕೈಚಳಕ ಕಾಣುತ್ತದೆ: ಟಿಶ್ಯೂ ಒತ್ತಿ ಎಣ್ಣೆ ತೆಗೆದು, ಪುಡಿ ದಪ್ಪಗೆ ಹಾಕಿ, ಉಜ್ಜದೆ ಒಂದು ಗಂಟೆ ಬಿಟ್ಟು ಎಳೆಯಿರಿ. ಎರಡು ಮೂರು ಸಲ ಬೇಕಾದೀತು. ನಾಯಿ, ಬೆಕ್ಕಿನ ಮೂತ್ರ ತಳಕ್ಕೆ ಇಳಿದಿದ್ದರೆ ಪುಡಿ ಅಲ್ಲಿಗೆ ತಲುಪುವುದೇ ಇಲ್ಲ.

ಎಲ್ಲ ಹಾಸಿಗೂ ಈ ವಿಧಾನ ಒಗ್ಗದು. ನವಲಗುಂದದ ಜಮಖಾನ ಹತ್ತಿಯದು, ಎಳೆ ನಿಲ್ಲದ ಚಪ್ಪಟೆ ನೇಯ್ಗೆ. ಪುಡಿ ಹಾಕಿದರೆ ನೇಯ್ಗೆಯ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದಷ್ಟೆ; ಕೊಡವಿ, ಎಳೆಬಿಸಿಲಿಗೆ ಹಾಕುವುದೇ ಸರಿ. ಕುರಿಕಂಬಳಿಗೂ ಇದೇ ಮಾತು. ‘ಆರ್ಟ್ ಸಿಲ್ಕ್’, ‘ಬ್ಯಾಂಬೂ ಸಿಲ್ಕ್’ ಎಂದು ಮಾರುವ ಹೊಳಪಿನವು ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ಮರ, ಬಿದಿರಿನ ತಿರುಳಿನಿಂದ ತೆಗೆದ ಕೃತಕ ನಾರು. ಒದ್ದೆಯಾದರೆ ಅದರ ಎಳೆ ದುರ್ಬಲ, ಬ್ರಷ್ಷಿಗೆ ಮುರಿದು ಹೊಳಪು ಹೋಗುತ್ತದೆ. ಅನುಮಾನವಿದ್ದರೆ ಅಂಚಿನಿಂದ ಒಂದು ಎಳೆ ಕಿತ್ತು, ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ನಿಜವಾದ ರೇಷ್ಮೆ, ಕಾಗದದಂತೆ ಉರಿದರೆ ವಿಸ್ಕೋಸ್ ಅಥವಾ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್. ಬೆನ್ನಿಗೆ ಬಟ್ಟೆ ಅಂಟಿಸಿದ ಟಫ್ಟೆಡ್ ರತ್ನಗಂಬಳಿಯಿಂದ ನೆಲಕ್ಕೆ ಹಳದಿ ಪುಡಿ ಉದುರುತ್ತಿದ್ದರೆ ಒಳಗಿನ ಲ್ಯಾಟೆಕ್ಸ್ ಅಂಟು ಸತ್ತಿದೆ ಎಂದರ್ಥ. ಅದನ್ನು ಉಜ್ಜಿದರೆ ಎಳೆಗಳೇ ಕಳಚುತ್ತವೆ. ಒಂದಿಂಚಿಗಿಂತ ಉದ್ದ ಎಳೆಯ ಶ್ಯಾಗ್‌ಗೆ ಹಾಕಿದ ಪುಡಿಯಂತೂ ಹೊರಬರುವುದಿಲ್ಲ.

ಯಂತ್ರ ಕೈಕೊಡುವುದಕ್ಕೆ ಕಾರಣಗಳು ಎರಡು ಮೂರೇ. ಪುಡಿ ಪಟ್ಟೆ ಪಟ್ಟೆಯಾಗಿ ಬಿದ್ದರೆ ಚಕ್ರ ಜಾರುತ್ತಿದೆ. ಚಕ್ರದ ರಬ್ಬರ್ ಪಟ್ಟಿ ಒರೆಸಿ, ಸವೆದಿದ್ದರೆ ಬದಲಿಸಿ. ಡಬ್ಬಿ ತುಂಬಿದ್ದರೂ ಏನೂ ಬೀಳದಿದ್ದರೆ ಪುಡಿ ಉರುಳೆಯ ಮೇಲೆ ಕಮಾನು ಕಟ್ಟಿದೆ. ಮಳೆಗಾಲದಲ್ಲಿ ಇದು ಮಾಮೂಲು. ಡಬ್ಬಿ ಅರ್ಧ ಮಾತ್ರ ತುಂಬಿ, ಹಾಕುವ ಮುನ್ನ ಪುಡಿಯನ್ನು ರವೆ ಜರಡಿಯಲ್ಲಿ ಸೋಸಿ. ಬ್ರಷ್ ಬಿಗಿಯಾದರೆ ಎರಡೂ ತುದಿಯಲ್ಲಿ ಕೂದಲು ಸುತ್ತಿರುತ್ತದೆ, ಬ್ಲೇಡಿನಿಂದ ಕೊಯ್ದು ತೆಗೆಯಿರಿ. ಅಲ್ಲಿಗೆ ಎಣ್ಣೆ ಬಿಡಬೇಡಿ, ಪುಡಿ ಹಿಡಿದು ಗಾರೆಯಾಗುತ್ತದೆ.

ಕೊನೆಯದಾಗಿ ತಯಾರಕರಿಗೊಂದು ಮಾತು, ತಮ್ಮ ಪತ್ರಿಕೆಯ ಮೂಲಕ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ನಿವ್ವಳ ತೂಕ, ಗರಿಷ್ಠ ಬೆಲೆ, ತಯಾರಕರ ವಿಳಾಸ ಪುಡಿಯ ಡಬ್ಬಿಯ ಮೇಲೆ ಇರಬೇಕು. ಕೊಳ್ಳುವವರಿಗೆ ನಿಜಕ್ಕೂ ಬೇಕಾದ ನಾಲ್ಕು ಸಂಗತಿಗಳನ್ನೂ ಅದರ ಜೊತೆಗೆ ಮುದ್ರಿಸಲಿ: ಪುಡಿಯ ಆಮ್ಲ-ಕ್ಷಾರ ಅಂಕ (ಪಿಎಚ್), ಚದರಡಿಗೆ ಎಷ್ಟು ಗ್ರಾಂ, ಯಾವ ನಾರಿಗೆ ಆಗದು, ಡಬ್ಬಿ ತೆರೆದ ಮೇಲೆ ಎಷ್ಟು ದಿನ ಬಾಳಿಕೆ. ಕರ್ನಾಟಕದಲ್ಲಿ ಮಾರುವ ಡಬ್ಬಿಯ ಮೇಲೆ ಇವು ಕನ್ನಡದಲ್ಲೇ ಇರಲಿ. ಆಮ್ಲ-ಕ್ಷಾರ ಅಂಕ 8 ದಾಟಿದ ಪುಡಿಯನ್ನು ಉಣ್ಣೆಗೆ ಹಾಕುವುದು ಬೇಡ. ಅಂಕವೇ ಬರೆದಿಲ್ಲವೆಂದರೆ ಒಂದು ಚಮಚ ಪುಡಿಯನ್ನು ಅರ್ಧ ಲೋಟ ನೀರಿಗೆ ಹಾಕಿ, ಚಿಟಿಕೆ ಅರಿಶಿನ ಬೆರೆಸಿ ನೋಡಿ. ನೀರು ಹಳದಿಯಾಗಿಯೇ ಉಳಿದರೆ ಬಳಸಬಹುದು. ಕೆಂಪಗೆ ತಿರುಗಿದರೆ ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಿ.

ಇಂತಿ,
ರತ್ನಗಂಬಳಿ ಶುಚಿ ಮತ್ತು ದುರಸ್ತಿ ಕೆಲಸ ಮಾಡುವವರು,
ಬೆಂಗಳೂರು