ಕೋರ್ಟ್ ಬೇಡ ಅಂತ ದುಡ್ಡು ತಗೊಂಡು ನೀವು ಕೊಟ್ಟ ಬಾಂಡ್ ಪೇಪರ್ ಬಗ್ಗೆ ದೂರು

ಮಾನ್ಯರೇ,

ಫೋನ್ ಮಾಡಿದಾಗಲೆಲ್ಲ ಸಮಾಧಾನದಿಂದಲೇ ಕೇಳಿದ್ದೇನೆ. "ಸರ್ ಮೀಟಿಂಗ್‌ನಾಗ ಅದಾರ" ಅನ್ನೋದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರ.

ನಾನು, ನನ್ನ ಗಂಡ ಕಚ್ಚಾಡಿಕೊಂಡು ನಿಮ್ಮ ಹುಬ್ಬಳ್ಳಿ ಆಫೀಸಿಗೆ ಬಂದವರಲ್ಲ. ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದೆವು. ಗದಗದಲ್ಲಿ ಎರಡೂ ಕಡೆಯ ಹಿರಿಯರು ಕೂತು ಬಂಗಾರ, ತಿಜೋರಿ, ಬಾಂಡೆ ಸಾಮಾನು ಎಲ್ಲ ಬಗೆಹರಿಸಿದ್ದರು. ಉಳಿದಿದ್ದು ಕಾನೂನಿನ ಕೆಲಸ ಮಾತ್ರ. ನಿಮ್ಮ ಬೋರ್ಡ್ ಮೇಲೆ "ಕೋರ್ಟ್ ಇಲ್ಲದೆ 30 ದಿನದಲ್ಲಿ ವಿಚ್ಛೇದನ" ಅಂತಿತ್ತು. 25 ಸಾವಿರ ಕಟ್ಟಿದೆವು. ಸಿಕ್ಕಿದ್ದು ನೋಟರಿ ಸೀಲು ಹೊಡೆದ ಒಂದು ಬಾಂಡ್ ಪೇಪರ್.

ಅದನ್ನು ಧಾರವಾಡದ ವಕೀಲರೊಬ್ಬರಿಗೆ ತೋರಿಸಿದರೆ ಅವರು ಪೂರ್ತಿ ಓದಲೂ ಇಲ್ಲ, ಮಡಚಿ ವಾಪಸ್ ಕೊಟ್ಟರು. ನಮ್ಮ ಮದುವೆ ಕೋರ್ಟಿನ ಡಿಕ್ರಿ ಇಲ್ಲದೆ ಮುರಿಯುವುದಿಲ್ಲ. ರೂಢಿಯಲ್ಲೇ ವಿಚ್ಛೇದನ ಇರುವ ಸಮುದಾಯಗಳ ಮಾತು ಬೇರೆ. ನಮ್ಮಲ್ಲಿ ಆ ರೂಢಿ ಇಲ್ಲ ಅಂತ ನಿಮ್ಮ ಫಾರಂನಲ್ಲಿ ನೀವೇ ಬರೆಸಿಕೊಂಡಿದ್ದೀರಿ, ಅಂದರೆ ನಿಮಗೆ ಎಲ್ಲ ಗೊತ್ತಿತ್ತು ಅಲ್ವಾ? ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಅರ್ಜಿ ಹಾಕಬಹುದು. ಆಮೇಲಿನ 6 ತಿಂಗಳ ಕಾಯುವಿಕೆಯನ್ನೂ ಕೋರ್ಟ್ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬೇಗ ಆಗುವ ದಾರಿ ಅದೇ ಇತ್ತು. ನಿಮ್ಮ ಕಾಗದ ನಂಬಿ ನಮ್ಮಲ್ಲಿ ಯಾರಾದರೂ ಮತ್ತೆ ಮದುವೆಯಾಗಿದ್ದರೆ 7 ವರ್ಷದವರೆಗೆ ಜೈಲಾಗುವ ಅಪರಾಧ. ಆಗ ನೀವು ಬಂದು ಬಿಡಿಸುತ್ತಿದ್ದಿರಾ?

ಹೋದ ಸೋಮವಾರ ಅಪ್ಪನ ಜೊತೆ ಬಂದಿದ್ದೆ. ಬೆಂಚಿನ ಮೇಲೆ ಏಳೆಂಟು ಜನ ಕೂತಿದ್ದರು. ನಿಮ್ಮ ಟೇಬಲ್ಲಿನ ಹುಡುಗ ಯಾವುದೋ ಕಾಗದಕ್ಕೆ ಪಿನ್ ಹೊಡೆಯುತ್ತಲೇ ಇದ್ದ, ತಲೆ ಎತ್ತಲಿಲ್ಲ. "ಯಾವ ಕೇಸ್ ರೀ? ಸೋಡಚೀಟಿದಾ?" ಅಂತ, ಅಂದರೆ ವಿಚ್ಛೇದನ ಪತ್ರದ್ದಾ ಅಂತ, ಎಲ್ಲರಿಗೂ ಕೇಳುವಂತೆ ಕೂಗಿದ. ನೀವು ಕೊಟ್ಟ ಬಾಂಡ್ ಪೇಪರ್ ಕೋರ್ಟಲ್ಲಿ ನಡೆಯಲ್ಲವಂತೆ, ಹಣ ವಾಪಸ್ ಕೊಡಿ ಅಂದೆ. "ಗಂಡನ್ನ ಬಿಡಾಕ ಅವಸರ ಇತ್ತು, ಈಗ ರೊಕ್ಕಕ್ಕೂ ಅವಸರ ಏನ್ರೀ?" ಅಂದ. ಬೆಂಚಿನಲ್ಲಿ ಯಾರೋ ನಕ್ಕರು. ರಶೀದಿ ಮುಂದಿಟ್ಟೆ. ಅದನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ, "ಹೆಣ್ಣಮಕ್ಕಳ ಕೂಡ ರೊಕ್ಕದ ಮಾತು ಬ್ಯಾಡ, ಅಜ್ಜಾರ ನೀವ ಹೇಳ್ರಿ, ಮಗಳಿಗೆ ಸ್ವಲ್ಪ ಬುದ್ಧಿ ಹೇಳಬೇಕಿತ್ತಿಲ್ಲ?" ಅಂದ. ಅಪ್ಪ ನಿವೃತ್ತ ಮೇಷ್ಟ್ರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಸುಮ್ನೆ ನಿಂತರು. ಮನೆಗೆ ಬಂದ ಮೇಲೂ ಅವರು ಮಾತಾಡಲಿಲ್ಲ. ನನಗೆ 25 ಸಾವಿರಕ್ಕಿಂತ ಜಾಸ್ತಿ ಉರಿದಿದ್ದು ಅದು.

15 ದಿನದೊಳಗೆ ಪೂರ್ತಿ ಹಣ, ನನ್ನ ಮದುವೆ ನೋಂದಣಿಯ ಮೂಲ ಪ್ರತಿ ವಾಪಸ್ ಬರಬೇಕು. ಅಪ್ಪನಿಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಇಷ್ಟು ಮೊತ್ತದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೇ ಬೇಕು ಅಂತಲೂ ಇಲ್ಲ, ನಾನೇ ನಿಂತು ವಾದ ಮಾಡುತ್ತೇನೆ. ರಶೀದಿ, ಬೋರ್ಡಿನ ಫೋಟೋ ನನ್ನ ಹತ್ರ ಇವೆ. ಬೋರ್ಡ್ ಈಗ ಇಳಿಸಿದರೂ ಉಪಯೋಗವಿಲ್ಲ. ಅದೇ ಕಾಗದ ಹಿಡಿದು ಓಡಾಡುತ್ತಿರುವ ಬೇರೆಯವರನ್ನೂ ಹುಡುಕಿ ಜೊತೆಗೆ ಕರೆತರುತ್ತೇನೆ.