ಬಸ್ ಹತ್ತುವ ಮುಂಚೆ ಇದನ್ನು ಓದು

ಪ್ರೀತಿಯ ಪುಟ್ಟಿ,

ಕೈಗೆ ಸೋಪು ಹಾಕಿ ತೊಳೆದೇ ಬರೆಯಲು ಕೂತಿದ್ದೇನೆ, ಹೆದರಬೇಡ. ಫೋನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಅಳಲು ಶುರು ಮಾಡ್ತೀಯ. ಅದಕ್ಕೇ ಈ ಕಾಗದ. ಪಕ್ಕದ ಮನೆ ಹುಡುಗ ನಾಳೆ ಹಾಸನಕ್ಕೆ ಬರ್ತಾನೆ, ಅವನ ಕೈಲಿ ಕೊಟ್ಟಿದ್ದೇನೆ.

ನಮ್ಮ ಕೋಳಿ ಮೋಟಿ ಇನ್ನೂ ಬದುಕಿದೆ. ಬಚ್ಚಲ ಒಲೆ ಪಕ್ಕ ಕುಕ್ಕೆಯಲ್ಲಿ ಗೋಣಿ ಹಾಸಿ ಮಲಗಿಸಿದ್ದೇವೆ. ಮೊದಲ ದಿನ ಸುಮ್ನೆ ಕಣ್ಣು ಮುಚ್ಚಿ ನಿಂತಿತ್ತು, ಬಾಯಿ ತೆರೆದು ಉಸಿರಾಡುತ್ತಿತ್ತು. ಆಮೇಲೆ ಹಸಿರು ಹಿಕ್ಕೆ. ಈಗ ಕತ್ತು ತಿರುಚಿಕೊಂಡಿದೆ. ಕೊಕ್ಕು ಮೇಲಕ್ಕೆ, ತಲೆ ಬೆನ್ನಿನ ಮೇಲೆ. ಅನ್ನದ ಅಗುಳು ಕುಟುಕಲು ಹೋದರೆ ಕೊಕ್ಕು ಒಂದು ಕಡೆ, ಅಗುಳು ಒಂದು ಕಡೆ. ಅಮ್ಮ ಕೊಕ್ಕಿನ ತುದಿಗೆ ಹನಿ ಹನಿಯಾಗಿ ನೀರು ಮುಟ್ಟಿಸುತ್ತಾಳೆ. ಡಾಕ್ಟರ್ ನೋಡಿ ಕೊಕ್ಕರೆ ರೋಗವೇ ಇರಬೇಕು ಅಂದರು. ನೀವು ಕಾಲೇಜಲ್ಲಿ ರಾಣಿಖೇತ್ ಅನ್ನೋದು ಅದನ್ನೇ ಅಲ್ವಾ? ವೈರಸ್ಸಿಗೆ ಮದ್ದಿಲ್ಲ, ಬೆಚ್ಚಗಿಡಿ, ನೀರು ಕೊಡಿ ಅಂದರು. ಹಿಂದೆ ಲಸಿಕೆ ಹಾಕಿಸಿದ್ದರಿಂದ ಇಷ್ಟಾದರೂ ತಡೆದಿದೆಯಂತೆ. ಬದುಕಿದರೂ ಕತ್ತು ಸೊಟ್ಟಗೇ ಉಳಿಯಬಹುದು.

ನೀನು ಬರಬೇಡ. ನಿಮ್ಮ ಕಾಲೇಜಿನಲ್ಲೂ ಕೋಳಿ ಶೆಡ್ ಇದೆ. ಈ ರೋಗ ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ಊರೂರು ಸುತ್ತುತ್ತದೆ ಅಂತ ಯುಗಾದಿಗೆ ಬಂದಾಗ ಪಾಠ ಮಾಡಿದವಳು ನೀನೇ. ಸೋಮವಾರ ಪರೀಕ್ಷೆ ಬೇರೆ.

ಇನ್ನು ಅಜ್ಜಿಯ ವಿಷಯ. ನಿನ್ನೆ ಫೋನಲ್ಲಿ ಅವರಿಗೆ ಏನಂದೆ ಅಂತ ನಾನು ಮತ್ತೆ ಬರೆಯಲ್ಲ. ರೋಗ ತಂತು ಅಂತ ನೀನು ಅನ್ನೋ ಆ ಹುಂಜವನ್ನು ಸಂತೆಯಿಂದ ತಂದದ್ದು ಅವರೇ, ನಿಜ. ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆ ಕಟ್ಟಬೇಕು ಅನ್ನೋದೂ ನಿಜ. ಆದರೆ ಅವರು ಅರವತ್ತು ವರ್ಷ ಹೀಗೇ ಕೋಳಿ ಸಾಕಿದವರು. ರಾತ್ರಿ ಊಟ ಮಾಡಲಿಲ್ಲ.

ನಿನಗೆ ನಮ್ಮ ಹಸು ಗೌರಿ ಕರು ಹಾಕಿ ಬಿದ್ದಿದ್ದ ಆ ರಾತ್ರಿ ನೆನಪಿದೆಯಾ? ಆಗ ನೀನು ಮೂರನೇ ಕ್ಲಾಸು. ಆಟಿ ಮಳೆ, ಕರೆಂಟಿಲ್ಲ. ಹಸು ಕತ್ತನ್ನು ಹೊಟ್ಟೆಗೆ ಮಡಚಿಕೊಂಡು ಬಿದ್ದಿತ್ತು, ಕಿವಿ ಮುಟ್ಟಿದರೆ ತಣ್ಣಗೆ. ಅಜ್ಜಿ ಬೆಳಿಗ್ಗೆಯಿಂದ ಕಷಾಯ ಕುಡಿಸುತ್ತಾ ಹೊತ್ತು ಕಳೆದಿದ್ದರು. ಸಂಜೆ ಮೇಲೆ ಡಾಕ್ಟರ್ ಬಂದರು. ಕ್ಯಾಲ್ಸಿಯಂ ಬಾಟಲಿ ನಾನೇ ಎತ್ತಿ ಹಿಡೀತೀನಿ ಅಂತ ನೀನು ಅಂದೆ. ಮೋರಿ ಕಲ್ಲಿನ ಮೇಲೆ ನಿಂತು ಹಿಡಿದೆ, ಕೈ ನಡುಗಿದರೂ ಬಿಡಲಿಲ್ಲ. ಕತ್ತಿನ ನರಕ್ಕೆ ನಿಧಾನವಾಗಿ ಹೋಗಬೇಕು, ಜೋರಾಗಿ ಬಿಟ್ಟರೆ ಹೃದಯ ನಿಲ್ಲುತ್ತೆ ಅಂತ ಡಾಕ್ಟರ್ ಹೇಳುತ್ತಲೇ ಇದ್ದರು. ಬಾಟಲಿ ಮುಗಿದ ಸ್ವಲ್ಪ ಹೊತ್ತಿಗೆ ಹಸು ತೇಗಿತು, ಆಮೇಲೆ ಎದ್ದು ನಿಂತಿತು. ಅವತ್ತೇ ತಾನೇ ನೀನು ಪಶು ಡಾಕ್ಟರ್ ಆಗ್ತೀನಿ ಅಂದಿದ್ದು? ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ, ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಅಜ್ಜಿ ಕಷಾಯದ ಗಿಂಡಿಯನ್ನು ಸೆರಗಲ್ಲಿ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದರು. ಡಾಕ್ಟರ್ ಅದನ್ನು ನೋಡಿದರು. ‘ಯಾಕೆ ಇಷ್ಟು ತಡ ಮಾಡಿದ್ರಿ’ ಅನ್ನಲಿಲ್ಲ. ‘ಅಮ್ಮಾ, ಹಸು ಬೆಚ್ಚಗಿರೋ ಹಾಗೆ ನೋಡಿಕೊಂಡಿದ್ದೀರಿ, ಒಳ್ಳೇದಾಯ್ತು. ಮುಂದಿನ ಸಲ ಬಿದ್ದ ಕೂಡಲೇ ಹೇಳಿ ಕಳಿಸಿ’ ಅಂದರು, ಅಷ್ಟೇ. ಆಮೇಲೆ ಹಸುವಿಗೆ ಏನೇ ಆದರೂ ಮೊದಲು ಫೋನ್ ಮಾಡಿಸುತ್ತಿದ್ದವರು ಅಜ್ಜಿಯೇ. ಬೈದಿದ್ದರೆ ಮಾಡಿಸ್ತಿದ್ದರಾ?

ನನ್ನ ಭಯ ಮೋಟಿಯದ್ದಲ್ಲ. ನಾಳೆ ನೀನು ಡಾಕ್ಟರಾಗಿ ಎಲ್ಲೋ ಶಾಂತಳ್ಳಿ ಕಡೆ ತೋಟದ ಕೂಲಿಯವರ ಒಂದು ಲೈನ್ ಮನೆಗೆ ಹೋಗ್ತೀಯ. ಅಲ್ಲಿ ಒಬ್ಬಳು ಹೆಂಗಸು ಸಾಯೋ ಕೋಳಿ ಹಿಡಿದು ನಿಂತಿರುತ್ತಾಳೆ. ಅವಳ ಹತ್ತಿರ ಇರೋದೇ ಆ ನಾಲ್ಕು ಕೋಳಿ. ಲಸಿಕೆ ಯಾಕೆ ಹಾಕಿಸಿಲ್ಲ ಅಂತ ನೀನು ಸಿಡುಕಿದರೆ ಅವಳು ಇನ್ನೊಂದು ಸಲ ನಿನ್ನನ್ನು ಕರೆಯಲ್ಲ. ನೀನು ಓದಿದ್ದೆಲ್ಲ ನೀರಲ್ಲಿ ಹೋಮ. ಮರಿಗೆ ಮೊದಲ ವಾರ ಕಣ್ಣಿಗೊಂದು ಹನಿ, ಎಂಟು ವಾರಕ್ಕೆ ಒಂದು ಚುಚ್ಚುಮದ್ದು. ಇಷ್ಟು ಹೇಳೋಕೆ ಗಂಟಲು ಏರಿಸಬೇಕಾ? ನೋಡು, ಉಪದೇಶ ಬೇಡ ಅಂತಲೇ ಪೆನ್ನು ಹಿಡಿದದ್ದು.

ಆ ಹುಂಜ ಆರಾಮಾಗಿದೆ, ಬೆಳಿಗ್ಗೆ ನಾಲ್ಕಕ್ಕೇ ಕೂಗುತ್ತೆ. ಅದಕ್ಕೆ ಏನೂ ಕಾಣದಿದ್ದರೂ ರೋಗ ಹರಡಬಹುದಂತೆ, ಬೇರೆ ಕಟ್ಟಿದ್ದೇವೆ. ಉಳಿದ ಕೋಳಿಗಳಿಗೆ ಲಸಿಕೆ ಆಯ್ತು. ಸಾರು ಮಾಡಿಬಿಡೋಣ ಅಂತ ಯಾರೋ ಅಂದದ್ದಕ್ಕೆ ಅಜ್ಜಿಯೇ ಬೈದು ಕಳಿಸಿದರು, ಅದೂ ಗೊತ್ತಿರಲಿ.

ಸಂಜೆ ಏಳರ ಮೇಲೆ ಅಜ್ಜಿಗೆ ಫೋನ್ ಮಾಡು. ಕ್ಷಮೆ ಗಿಮೆ ಬೇಡ. ಮೋಟಿಗೆ ಏನು ತಿನ್ನಿಸ್ತಿದ್ದೀರಿ ಅಂತ ಕೇಳು, ಸಾಕು. ಮತ್ತೆ ಒಂದು ನೀನೇ ಹೇಳಬೇಕು. ಸೋಮವಾರದ ಒಳಗೆ ಏನಾದರೂ ಆದರೆ ಆಗಲೇ ತಿಳಿಸಲಾ, ಪರೀಕ್ಷೆ ಮುಗಿಯಲಿ ಅಂತ ಕಾಯಲಾ? ವಾಟ್ಸಾಪಲ್ಲಿ ಒಂದು ಸಾಲು ಹಾಕು. ನೀನು ಹೇಳಿದ ಹಾಗೇ ಮಾಡ್ತೀನಿ.

ನಿನ್ನ
ಅಪ್ಪ