ಕಥನ ವರದಿಗೆ ಮೂಲದ ಟಿಪ್ಪಣಿ ಇರಲಿ

ಮಾನ್ಯ ಸಂಪಾದಕರೇ,

ಕಥೆಯ ಧಾಟಿಯಲ್ಲಿ ಬರೆಯುವ ವರದಿಗಳಲ್ಲಿ ವರದಿಗಾರರು ಕಣ್ಣಾರೆ ಕಂಡದ್ದು ಯಾವುದು, ಇತರರಿಂದ ಕೇಳಿ ಕಟ್ಟಿಕೊಟ್ಟದ್ದು ಯಾವುದು ಎಂಬುದು ಓದುಗರಿಗೆ ತಿಳಿಯುವಂತಿರಬೇಕು. ಕಳೆದ ವಾರದ ಪುರವಣಿಯಲ್ಲಿ ಪ್ರಕಟವಾದ, ನೆರೆಯಲ್ಲಿ ಮನೆ ಕಳೆದುಕೊಂಡ ಕುಟುಂಬವೊಂದರ ಕುರಿತ ಬರಹ ಮನ ಕಲಕಿತು. ಆದರೆ ನೀರು ನುಗ್ಗಿದ ರಾತ್ರಿ ಆ ತಾಯಿ ಚಿಲಕಕ್ಕೆ ಕೈಯಿಟ್ಟು ಕ್ಷಣಕಾಲ ತಡೆದು ನಿಂತರು, ಮನಸ್ಸಿನಲ್ಲೇ ಮಗನನ್ನು ಹೆಸರು ಹಿಡಿದು ಕರೆದರು ಎಂಬ ಸಾಲು ಎಲ್ಲಿಂದ ಬಂತು? ಅವರೇ ಹೇಳಿದ್ದಾದರೆ ಅದು ಅಮೂಲ್ಯ ಸಾಕ್ಷ್ಯ. ಬರೆದವರ ಊಹೆಯಾದರೆ ಅದಕ್ಕೆ ಪತ್ರಿಕೆಯಲ್ಲಿ ಜಾಗವಿಲ್ಲ.

ಈ ಬಗೆಯ ಬರವಣಿಗೆಯ ಶಕ್ತಿ ಇರುವುದೇ ಕೇಳಿ ತಿಳಿಯುವ ಶ್ರಮದಲ್ಲಿ. ಹಿರೋಷಿಮಾದಲ್ಲಿ ಬದುಕುಳಿದ ಆರು ಮಂದಿಯ ಅನುಭವವನ್ನು ಆಧರಿಸಿ ಜಾನ್ ಹರ್ಸಿ ಬರೆದ ವರದಿಗೆ 1946ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಇಡೀ ಸಂಚಿಕೆಯನ್ನೇ ಮೀಸಲಿಟ್ಟಿತು. ಅಲ್ಲಿ ಅಬ್ಬರವಿಲ್ಲ, ಬಾಂಬ್ ಬಿದ್ದ ಗಳಿಗೆಯಲ್ಲಿ ಯಾರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬ ವಿವರವೇ ಎದೆ ನಡುಗಿಸುತ್ತದೆ. ಇದಕ್ಕೆ ತದ್ವಿರುದ್ಧವಾಗಿ, 1981ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ ವರದಿಗಾರ್ತಿಯೊಬ್ಬರು ಮಾದಕ ವ್ಯಸನಿ ಬಾಲಕನ ಕುರಿತ ವರದಿಗೆ ಬಂದ ಪುಲಿಟ್ಜರ್ ಪ್ರಶಸ್ತಿಯನ್ನು ಹಿಂದಿರುಗಿಸಬೇಕಾಯಿತು. ಅಂಥ ಬಾಲಕನೇ ಇರಲಿಲ್ಲ!

ಆದ್ದರಿಂದ ಇಂಥ ಪ್ರತಿ ಬರಹದ ಕೊನೆಯಲ್ಲಿ ಯಾರನ್ನು ಮಾತನಾಡಿಸಲಾಯಿತು, ಯಾವ ದಾಖಲೆಗಳನ್ನು ನೋಡಲಾಯಿತು, ಯಾವ ಸಂಭಾಷಣೆ ನೆನಪಿನಿಂದ ಮರುರೂಪಿಸಿದ್ದು ಎಂಬುದನ್ನು ನಾಲ್ಕು ಸಾಲುಗಳಲ್ಲಿ ತಿಳಿಸುವ ಪದ್ಧತಿಯನ್ನು ಪತ್ರಿಕೆ ಆರಂಭಿಸಲಿ. ಹೆಸರು ಬದಲಿಸಿದ್ದರೆ ಅದನ್ನೂ ಅಲ್ಲೇ ಹೇಳಲಿ.

– ಓದುಗ